ಬಿದ್ದವರನ್ನು ಎಬ್ಬಿಸುವ ಆಟ

ನನ್ನ ಅಣ್ಣ ಕರ್ಸಾಂಗ್ ಕತಾರಿನಿಂದ ಪೆಟ್ಟಿಗೆಯೊಳಗೆ ಮಲಗಿ ಬಂದ ಮೇಲೆ ನಮ್ಮ ಮನೆಯಲ್ಲಿ ದಿನವೂ ಆರು ತಟ್ಟೆ ಹಾಕುತ್ತಿದ್ದೆವು, ಉಣ್ಣುವವರು ಐದೇ ಜನ. ಆರನೆಯ ತಟ್ಟೆಯನ್ನು ಅವ್ವ ಒಲೆಯ ಪಕ್ಕದಲ್ಲಿ, ಅಣ್ಣ ರಜೆಗೆ ಬಂದಾಗ ಕೂರುತ್ತಿದ್ದ ಕಂಬಳಿಯ ಮುಂದೆ ಇಡುತ್ತಿದ್ದಳು. ಅನ್ನ, ಬೇಳೆ, ಮೂಲಂಗಿ ಉಪ್ಪಿನಕಾಯಿಯ ಒಂದು ಹೋಳು. ನಮ್ಮ ತಮಾಂಗ್ ಜನರಲ್ಲಿ ಘೇವಾ ಆಗುವವರೆಗೆ ಸತ್ತವರ ಪಾಲು ತೆಗೆದಿಡಲೇಬೇಕು. ಲಾಮಾ ಕೂತು, ಸತ್ತವರಿಗೆ ಕೊನೆಯ ಊಟ ಹಾಕಿಸಿ, ದಾರಿ ತೋರಿಸಿ ಕಳಿಸಿಕೊಡುವ ದಿನವೇ ಘೇವಾ. ಅಲ್ಲಿಯವರೆಗೆ ಅವರು ಮನೆಯಲ್ಲೇ ಇದ್ದ ಹಾಗೆ.

ಆ ತಟ್ಟೆಯ ಎದುರಿಗೇ ಅಣ್ಣನ ಮಗ ಸಾಂಗೆ ಕೂರುತ್ತಿದ್ದ. ಹದಿನೇಳು ವಯಸ್ಸು, ಎಡಗೈಯಲ್ಲಿ ಯುದ್ಧದಾಟ ತೆರೆದ ಫೋನು, ಬಲಗೈಯಲ್ಲಿ ತುತ್ತು. ಒಂದು ದಿನ ಅತ್ತಿಗೆ ಫುಲ್‌ಮಾಯಾಗೆ ತಡೆಯಲಾಗಲಿಲ್ಲ. ರತ್ನಗಂಬಳಿ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು, ತಲೆಯಲ್ಲಿ ಇನ್ನೂ ಉಣ್ಣೆಯ ಎಳೆಗಳಿದ್ದವು.

"ಕೆಳಗಿಡೋ ಅದನ್ನ. ಅಪ್ಪನ ತಟ್ಟೆ ಮುಂದೆ ಕೂತು ಗುಂಡು ಹೊಡೀತೀಯಲ್ಲ, ಕೈಯಾದ್ರೂ ಹೇಗೆ ಬರುತ್ತೋ ನಿಂಗೆ?"

"ಆಪಾನೂ ಹೊಡೀತಿದ್ರು." ಅಪ್ಪನನ್ನು ಮಕ್ಕಳು ಆಪಾ ಅನ್ನುತ್ತಿದ್ದರು.

"ಅವ್ರು ನಿಮ್ಮ ಜೊತೆ ಮಾತಾಡೋಕೆ ಅಂತ ಹೊಡೀತಿದ್ರು. ನೀನು ಯಾರ ಹತ್ರ ಮಾತಾಡ್ತಿದೀಯ?"

ಸಾಂಗೆ ತುತ್ತು ಬಾಯಿಗಿಟ್ಟು ಮತ್ತೆ ಪರದೆಗೆ ಬಗ್ಗಿದ. ಅವನ ತಂಗಿ ಮೆಂದೊ, ಹನ್ನೆರಡರವಳು, ಬಾಯಲ್ಲಿ ಅನ್ನ ಇಟ್ಟುಕೊಂಡೇ ಚಾಡಿ ಹೇಳಿದಳು.

"ಅಣ್ಣ ಈಗ ಸೋಲೋ ಆಡ್ತಾನಮ್ಮ. ಒಬ್ನೇ. ನಾನು ಕರೆದ್ರೂ ಸ್ಕ್ವಾಡಿಗೆ ಬರಲ್ಲ, ಅತ್ತೆ ಕರೆದ್ರೂ ಬರಲ್ಲ."

"ನಿಮ್ಮತ್ತೆ ಯಾಕೆ ಕರೀತಾಳೆ? ಅವಳಿಗೂ ಹುಚ್ಚಾ?" ಎಂದಳು ಅತ್ತಿಗೆ, ನನ್ನನ್ನೇ ನೋಡುತ್ತ.

ಹುಚ್ಚೇ ಇರಬಹುದು. ನಮ್ಮ ಬನೇಪಾ ಪೇಟೆಯ ಹೆಂಗಸರಲ್ಲಿ ನಲವತ್ತು ದಾಟಿದ ಮೇಲೆ ಬಂದೂಕು ಹಿಡಿದವಳು ನಾನೊಬ್ಬಳೇ ಇರಬೇಕು. ಕೆಳಗಿನ ನೀಲಿ ಬಾಗಿಲಿನ ಅಂಗಡಿಯಲ್ಲಿ ಹಗಲೆಲ್ಲ ಬಟ್ಟೆ ಹೊಲಿಯುವುದು, ಹೊತ್ತು ಮುಳುಗುವಾಗ ಮೇಲೆ ಬಂದು ಮಕ್ಕಳ ಜೊತೆ ಯುದ್ಧಕ್ಕೆ ಹೋಗುವುದು. ಸ್ಕ್ವಾಡಿಗೆ ನಾಲ್ಕು ಜನ ಬೇಕು. ಸಾಂಗೆ, ಮೆಂದೊ, ಕತಾರಿನಿಂದ ಅಣ್ಣ, ನಾಲ್ಕನೆಯವಳು ನಾನು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ನಾನು ಅದರ ಉಲ್ಟಾ, ಲೆಕ್ಕಕ್ಕುಂಟು ಆಟಕ್ಕಿಲ್ಲ. ವಿಮಾನದಿಂದ ಇಳಿದ ತಕ್ಷಣ ಸತ್ತು, ಉಳಿದವರು ಆಡುವುದನ್ನು ನೋಡುತ್ತ ಕೂರುತ್ತಿದ್ದೆ.

ಆಟ ಬಹಳ ಸರಳ. ಒಂದು ದ್ವೀಪಕ್ಕೆ ನೂರು ಜನ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದರು. ಸೋಲೋ ಆಡಿದರೆ, ಗುಂಡು ಬಿತ್ತೋ ಮುಗಿಯಿತು, ಕೇಳುವವರಿಲ್ಲ. ಸ್ಕ್ವಾಡಿನಲ್ಲಿ ಹಾಗಲ್ಲ. ಗುಂಡು ಬಿದ್ದವನು ಸಾಯುವುದಿಲ್ಲ, ಅಂಬೆಗಾಲಲ್ಲಿ ತೆವಳುತ್ತ ಸಹಾಯಕ್ಕೆ ಕೂಗುತ್ತಾನೆ. ಜೊತೆಯವರು ಯಾರಾದರೂ ಬಂದು ಪಕ್ಕದಲ್ಲಿ ಕೂತು ಎಬ್ಬಿಸಿದರೆ ಬದುಕಿಕೊಳ್ಳುತ್ತಾನೆ. ಹಾಗೆ ಎಬ್ಬಿಸಲು ಹೋಗುವಾಗ ಮೊದಲು ಹೊಗೆಬಾಂಬು ಎಸೆಯಬೇಕು, ಹೊಗೆಯ ಮರೆಯಲ್ಲಿ ಓಡಬೇಕು. ಇದು ಮೆಂದೊಗೂ ಗೊತ್ತು.

ನಮ್ಮಣ್ಣನಿಗೆ ಮಾತ್ರ ಕೊನೆಗೂ ತಲೆಗೆ ಹತ್ತಲಿಲ್ಲ. ಮಕ್ಕಳಲ್ಲಿ ಯಾರಾದರೂ ಬಿದ್ದರೆ ಸಾಕು, ಹೊಗೆಯೂ ಇಲ್ಲ ಬೆಂಕಿಯೂ ಇಲ್ಲ, ಬಟ್ಟಬಯಲಲ್ಲಿ ನೇರ ಓಡಿಬರುತ್ತಿದ್ದ. "ಬಂದೆ ಬಂದೆ ಬಂದೆ" ಅನ್ನುತ್ತಲೇ ಗುಂಡು ತಿಂದು ಪಕ್ಕದಲ್ಲಿ ಮಲಗುತ್ತಿದ್ದ. ಒಮ್ಮೊಮ್ಮೆ ಅವನ ಮೈಕು ಕೆಟ್ಟಿರುತ್ತಿತ್ತು. ಆ ದಿನಗಳಲ್ಲಿ ಮಾತಿಲ್ಲ, ನಗೆಯಿಲ್ಲ, ಆದರೆ ಹುಲಿಯ ಹಾಗೆ ಆಡುತ್ತಿದ್ದ. ಹೊಗೆ ಎಸೆದು, ಕಾದು, ಬಗ್ಗಿ ಬರುತ್ತಿದ್ದ. "ಬಾಯಿ ಮುಚ್ಚಿದ್ರೆ ಆಪಾಗೆ ಬುದ್ಧಿ ಬರುತ್ತೆ" ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರು.

ಅಣ್ಣ ಸತ್ತ ಸುದ್ದಿ ಬಂದ ದಿನದಿಂದ ಸಾಂಗೆ ಸ್ಕ್ವಾಡು ಬಿಟ್ಟ.

ನಾನು ದುಃಖ ಅಂದುಕೊಂಡೆ. ಅತ್ತಿಗೆ ಸೊಕ್ಕು ಅಂದಳು. ಅವ್ವ ಮಾತ್ರ, "ಒಬ್ಬೊಬ್ಬನೇ ಕೂತು ಆಡೋನ ಪಕ್ಕಕ್ಕೆ ಯಾರೋ ಬಂದು ಕೂರ್ತಾರೆ" ಎಂದು ಮಗುವಿಗೆ ದೃಷ್ಟಿ ತೆಗೆಯುವವಳಂತೆ ಅವನ ತಲೆಯ ಸುತ್ತ ಧೂಪ ಆಡಿಸುತ್ತಿದ್ದಳು.

ಮನೆಯಲ್ಲಿ ದಿನಕ್ಕೊಂದು ಜಗಳ. ನೀರಿನ ಕ್ಯಾನು ತುಂಬಿಲ್ಲ ಅಂತ ಒಂದು, ಪರೀಕ್ಷೆಗೆ ಓದಿಲ್ಲ ಅಂತ ಇನ್ನೊಂದು. ಅಣ್ಣನ ಸಾಮಾನಿನ ಚೀಲದಲ್ಲಿ ಗಡಿಯಾರ ಬಂದಿದೆ, ಬೂಟು ಬಂದಿದೆ, ಫೋನು ಬಂದಿಲ್ಲ ಅಂತ ಅತ್ತಿಗೆ ಕತಾರಿನ ಕಂಪನಿಯವರ ಏಳು ತಲೆಮಾರನ್ನೂ ಬೈಯುತ್ತಿದ್ದಳು. "ಅದ್ರಲ್ಲಿ ಅವ್ರ ದನಿ ಇತ್ತು" ಎಂದು ಕೊನೆಗೆ ಅಳುತ್ತಿದ್ದಳು. ಸಾಂಗೆ ಬೈಗುಳವನ್ನೆಲ್ಲ ಗೋಡೆಯ ಹಾಗೆ ಕೇಳಿಸಿಕೊಂಡು ಮತ್ತೆ ದ್ವೀಪಕ್ಕೆ ಇಳಿಯುತ್ತಿದ್ದ. ಒಬ್ಬನೇ ನಡೆಯುತ್ತಿದ್ದ, ಒಬ್ಬನೇ ಸಾಯುತ್ತಿದ್ದ, ಮತ್ತೆ ಇಳಿಯುತ್ತಿದ್ದ.

ಘೇವಾದ ದಿನ ಗೊತ್ತುಮಾಡಲು ನಮ್ಮ ಮೂಲದ ಹಳ್ಳಿ ತಿಮಾಲಿನ ಲಾಮಾ ಬಂದರು. ಒಲೆಯ ಮುಂದೆ ಕೂತು ಢಿಂಡೋ ಮುದ್ದೆ ಮುರಿದು ಸಾರಿಗೆ ಅದ್ದುತ್ತ ಏನೇನು ಬೇಕೆಂದು ಹೇಳಿದರು. ಸತ್ತವನ ಬದಲಿಗೆ ಕೂರಿಸುವ ಬಿದಿರಿನ ಗೊಂಬೆಗೆ ಹಾಕಲು ಅಣ್ಣನ ಬಟ್ಟೆ ಬೇಕು, ಅವನಿಗೆ ಇಷ್ಟವಾದ ತಿಂಡಿ ಬೇಕು, ಗೊಂಬೆಯ ಬಾಯಿಗೆ ಮೊದಲ ತುತ್ತು ಇಡಲು ಮಗ ಬೇಕು.

"ಅವನಿಗೆ ಈಗ ಗೊತ್ತಿರುತ್ತಾ ಲಾಮಾ, ತಾನು ಹೋಗಿದ್ದು?" ಎಂದು ಅವ್ವ ಕೇಳಿದಳು.

"ಈಗ ಗೊತ್ತಾಗಿರುತ್ತೆ. ಮೊದ್ಲು ಮೊದ್ಲು ಗೊತ್ತಾಗಲ್ಲ ತಾಯಿ. ಎಂದಿನ ಹಾಗೇ ಬರ್ತಾರೆ, ತಮ್ಮ ಜಾಗದಲ್ಲಿ ಕೂರ್ತಾರೆ, ಮಕ್ಕಳನ್ನ ಕೂಗ್ತಾರೆ. ಯಾರೂ ತಿರುಗಿ ನೋಡ್ದೇ ಇದ್ರೆ, ನಂದೇನು ತಪ್ಪು ಅಂತ ಮನಸ್ಸು ಸಣ್ಣ ಮಾಡ್ಕೊಳ್ತಾರೆ."

ಸಾಂಗೆಯ ಕೈಯಿಂದ ತುತ್ತು ತಟ್ಟೆಗೆ ಬಿತ್ತು. ಮುಖ ಬಿಳಿಚಿತ್ತು.

"ನಾನು ತಿನ್ಸಲ್ಲ" ಎಂದ.

"ಏನಂದೆ?" ಎಂದಳು ಅತ್ತಿಗೆ.

"ಬೇರೆ ಯಾರ ಹತ್ರನಾದ್ರೂ ತಿನ್ಸಿ. ನಾನು ಆ ಗೊಂಬೆ ಮುಂದೆ ಬರಲ್ಲ."

"ಹೆತ್ತಪ್ಪನಿಗೆ ಒಂದು ತುತ್ತು ಇಡೋಕಾಗಲ್ವೇನೋ ನಿಂಗೆ? ಆ ಬಿಸಿಲಲ್ಲಿ ಬೆಂದಿದ್ದು ಯಾರಿಗೋಸ್ಕರ? ಈ ಫೋನು ಕೊಡ್ಸಿದ್ದು ಯಾರು?"

ಅವನು ಎದ್ದು ಮಹಡಿ ಮೆಟ್ಟಿಲು ಇಳಿದು ಹೋದ. ಲಾಮಾ ಉಂಡು ಕೈ ತೊಳೆದರು.

ಅದೇ ವಾರ, ದೀಪ ಹಚ್ಚುವ ಹೊತ್ತಿಗೆ, ಮೆಂದೊ ಕಿರುಚಿದಳು.

"ಅತ್ತೇ! ಆಪಾ ಬಂದಿದಾರೆ!"

ನಾನು ಸೂಜಿ ಬೆರಳಿಗೆ ಚುಚ್ಚಿಕೊಂಡು ಮೇಲೆ ಓಡಿದೆ. ಅವಳ ಫೋನಿನಲ್ಲಿ ಸ್ನೇಹಿತರ ಪಟ್ಟಿ ತೆರೆದಿತ್ತು. ಅಣ್ಣನ ಹೆಸರಿನ ಪಕ್ಕದಲ್ಲಿ, ಇಷ್ಟು ದಿನ ಬೂದು ಬಣ್ಣದ್ದಾಗಿದ್ದ ಚುಕ್ಕೆ ಹಸಿರಾಗಿ ಉರಿಯುತ್ತಿತ್ತು. ಅತ್ತಿಗೆ ನೋಡಿದಳು, ಅವ್ವ ಅರ್ಥವಾಗದಿದ್ದರೂ ನೋಡಿದಳು. ನೋಡುತ್ತಿದ್ದಂತೆ ಚುಕ್ಕೆ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ಅವ್ವ ಆರನೆಯ ತಟ್ಟೆಯ ಮುಂದೆ ಬೆಣ್ಣೆದೀಪ ಹಚ್ಚಿದಳು.

"ಯಾರೋ ಕಳ್ಳ ಕದ್ದಿರ್ಬೇಕು ಫೋನು" ಎಂದೆ ನಾನು. ಧೈರ್ಯದಿಂದಲ್ಲ, ಮಕ್ಕಳು ಹೆದರದಿರಲಿ ಅಂತ.

ಸಾಂಗೆ ಬಾಗಿಲಲ್ಲಿ ನಿಂತಿದ್ದ. "ಕಳ್ಳ ಅಲ್ಲ" ಎಂದಷ್ಟೇ ಹೇಳಿ ಖಾಲಿ ಕ್ಯಾನು ಎತ್ತಿಕೊಂಡ. ನಾನೂ ಒಂದು ಕ್ಯಾನು ಹಿಡಿದು ಅವನ ಹಿಂದೆ ಹೋದೆ. ನೀರು ಹಿಡಿಯುವ ಕಲ್ಲುಧಾರೆಯ ಹತ್ತಿರ ಸಾಲು ಉದ್ದವಿತ್ತು. ಗೋಡೆಗೆ ಒರಗಿ ನಿಂತು, ಮುಖ ಬೇರೆ ಕಡೆ ತಿರುಗಿಸಿಕೊಂಡು ಹುಡುಗ ಬಾಯಿಬಿಟ್ಟ.

"ಕಂಪನಿಯವ್ನು ಫೋನಲ್ಲಿ ಏನಂದಿದ್ದು ಅತ್ತೆ? ಮಧ್ಯಾಹ್ನ ಕೆಲ್ಸದಿಂದ ಬಂದು ಊಟನೂ ಮಾಡ್ದೆ ಮಲಗಿದ್ರು, ಆಮೇಲೆ ಏಳಲೇ ಇಲ್ಲ ಅಂದ ಅಲ್ವಾ?"

"ಹೂಂ."

"ಅವತ್ತು ಸಂಜೆ ನಾವು ಆಡಿದ್ವಿ. ಆಪಾ ಬಂದಿದ್ರು."

ಹೌದು, ಆಡಿದ್ದೆವು. ಸಾವಿನ ಗದ್ದಲದಲ್ಲಿ ನಾನದನ್ನು ಮರೆತೇಬಿಟ್ಟಿದ್ದೆ. ಮೈಕು ಕೆಟ್ಟಿತ್ತು. ಗೆದ್ದಿದ್ದೆವು ಕೂಡ.

"ಸೇತುವೆ ಹತ್ರ ಆಪಾಗೆ ಗುಂಡು ಬಿತ್ತು. ಮೈಕಿಲ್ದಿದ್ರೂ ಸಹಾಯದ ಬಟನ್ ಒತ್ತಿ ಕೂಗ್ತಾನೇ ಇದ್ರು, ಎಬ್ಸು ಎಬ್ಸು ಅಂತ. ಉಳಿದಿದ್ದು ಒಂದೇ ಸ್ಕ್ವಾಡು, ನಾನು ಗೆಲ್ಲೋ ಆಸೇಲಿ ಬಿಟ್ಟು ಮುಂದೆ ಹೋದೆ. ಲಾಮಾ ಹೇಳಿದ್ದು ಕೇಳಿದ್ಯಲ್ಲ. ಸತ್ತಿದೀನಿ ಅಂತ ಅವ್ರಿಗೇ ಗೊತ್ತಿರ್ಲಿಲ್ಲ. ಎಂದಿನ ಹಾಗೇ ಬಂದಿದ್ರು. ಸತ್ತ ಅಪ್ಪ ಎಬ್ಸು ಅಂತ ಕರೀತಿದ್ರೆ ನಾನು..." ಅವನು ಕ್ಯಾನಿನ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿದ. "ಸೋಲೋದಲ್ಲಿ ಯಾರೂ ಕರೆಯಲ್ಲ ಅತ್ತೆ."

ಆ ಆಟದಲ್ಲಿ ನಾನೂ ಇದ್ದೆ. ಎಂದಿನಂತೆ ಬೇಗ ಸತ್ತು, ಅಣ್ಣ ಸೇತುವೆಯ ಪಕ್ಕ ತೆವಳುವುದನ್ನು ಚಹಾ ಕುಡಿಯುತ್ತ ನೋಡಿದ್ದೆ. ಅಂದಿನಿಂದ ನನಗೂ ಒಲೆಯ ಪಕ್ಕದ ಕಂಬಳಿಯ ಕಡೆ ಬೆನ್ನು ಮಾಡಲು ಭಯವಾಯಿತು.

ಮೂರು ಸಲ ಚುಕ್ಕೆ ಹಸಿರಾಯಿತು. ಮೂರನೆಯ ಸಲ ಕರೆಯೂ ಬಂತು, ಸ್ಕ್ವಾಡಿಗೆ ಬನ್ನಿ ಅಂತ, ಅಣ್ಣನ ಹೆಸರಿನಲ್ಲಿ. ಮೆಂದೊ ಫೋನನ್ನು ಕೆಂಡ ಹಿಡಿದವಳಂತೆ ನನ್ನ ಮಡಿಲಿಗೆ ಹಾಕಿದಳು. ಸಾಂಗೆ ಗೋಡೆಗೆ ಅಂಟಿಕೊಂಡು ಕೂತ.

"ಒತ್ಬೇಡ ಅತ್ತೆ."

"ಕರೀತಿರೋದು ನಮ್ಮಣ್ಣ ಆಗಿದ್ರೆ ನಾನ್ಯಾಕೆ ಹೆದರ್ಲಿ? ಅಲ್ದಿದ್ರೆ ಯಾವನು ಅಂತ ಕೇಳೋದು ಬೇಡ್ವಾ?" ಎಂದು ಒತ್ತಿಬಿಟ್ಟೆ.

ಪರದೆಯ ಮೇಲೆ ಅವನು ನಿಂತಿದ್ದ. ಆಟದಲ್ಲಿ ಅಣ್ಣ ಹಾಕುತ್ತಿದ್ದ ಅದೇ ಹಳದಿ ಟೋಪಿ, ಅದೇ ಕೆಂಪು ಅಂಗಿ. ಮೈಕಿನ ಗುರುತು ಉರಿಯುತ್ತಿತ್ತು. ಯಾರೋ ಉಸಿರಾಡುವುದು ಕೇಳಿಸಿತು.

"ಕರ್ಸಾಂಗ್?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಉಸಿರು ಒಮ್ಮೆ ಸಿಕ್ಕಿಕೊಂಡಿತು, ಅತ್ತ ಹಾಗೆ. ಆಮೇಲೆ ಅವನು ಮಾಯವಾದ. ಅವ್ವ ಆ ಸಂಜೆ ಆರನೆಯ ತಟ್ಟೆಗೆ ಎರಡು ಪಾಲು ಬಡಿಸಿದಳು.

ತಿಮಾಲಿಗೆ ಹೊರಡುವ ಹಿಂದಿನ ದಿನ ಅಂಗಡಿಯ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಬಯಲುಸೀಮೆಯವನು, ಕಪ್ಪಗೆ, ಸಣ್ಣಗೆ. ನಮ್ಮೂರಿನ ಚಳಿಗೆ ಸಾಲದ ತೆಳು ಅಂಗಿ ಹಾಕಿದ್ದ. ನೀಲಿ ಬಾಗಿಲನ್ನೂ ನನ್ನ ಹೊಲಿಗೆ ಯಂತ್ರವನ್ನೂ ನನ್ನನ್ನೂ ನೋಡಿದ.

"ನೀವು ಸುಕುಮಾಯಾ ಅತ್ತೆ ಅಲ್ವಾ? ಇಳಿದ ತಕ್ಷಣ ಸಾಯೋರು?"

ನಾನು ಕತ್ತರಿ ಕೆಳಗಿಟ್ಟೆ. ಆ ದನಿ ನಾನು ಕೇಳಿದ್ದಲ್ಲ, ಆದರೆ ಆ ಉಸಿರು ಕೇಳಿದ್ದೆ.

ಅವನ ಹೆಸರು ಜೋಗೀಂದರ್ ಮಂಡಲ್. ಕತಾರಿನಲ್ಲಿ ಅಣ್ಣನ ಕೋಣೆಯವನು, ಅಣ್ಣನದು ಕೆಳಗಿನ ಮಂಚ, ಇವನದು ಮೇಲಿನದು. ರಜೆಗೆ ಬಂದವನು, ಅಣ್ಣ ಹೇಳುತ್ತಿದ್ದ ನೀಲಿ ಬಾಗಿಲನ್ನು ಹುಡುಕಿಕೊಂಡು ಬಂದಿದ್ದ. ಮೇಲೆ ಕರೆದುಕೊಂಡು ಹೋದೆ. ಅತ್ತಿಗೆ ಚಹಾ ಕೊಟ್ಟಳು. ಅವನು ಚಹಾ ಮುಟ್ಟದೆ ಜೇಬಿನಿಂದ ಅಣ್ಣನ ಫೋನು ತೆಗೆದು ನೆಲದ ಮೇಲೆ ಇಟ್ಟ.

"ನಿನ್ ಹತ್ರ ಇತ್ತಾ?" ಎಂದಳು ಅತ್ತಿಗೆ.

"ನನ್ನ ಕೈಯಲ್ಲೇ ಇತ್ತು ಭಾಭಿ. ಅವತ್ತೂ ನನ್ನ ಕೈಯಲ್ಲೇ ಇತ್ತು."

ತಲೆ ತಗ್ಗಿಸಿಕೊಂಡೇ ಹೇಳಿದ. ಅಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರು, ಮಧ್ಯಾಹ್ನಕ್ಕೆ ಬಿಡುಗಡೆ. ಬಿಸಿಲಿನಲ್ಲಿ ಬೆಂದು ಬಂದ ದಿನ ಅಣ್ಣನಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲವಂತೆ. ಮಕ್ಕಳು ಕಾಯುತ್ತಾರೆ, ನೀನಾಡು, ಮೈಕು ಮುಚ್ಚಿಡು ಅಂದು ಫೋನನ್ನು ಇವನ ಕೈಗೆ ಕೊಟ್ಟು ಮಲಗುತ್ತಿದ್ದನಂತೆ.

"ಅವತ್ತೂ ಕೊಟ್ಟ. ಊಟ ಬೇಡ ಅಂದ. ನಾನು ಮೇಲಿನ ಮಂಚದಲ್ಲಿ ಕೂತು ಆಡಿದೆ. ಗೆದ್ವಿ. ಗೆದ್ದಿದ್ದು ಹೇಳೋಣ ಅಂತ ಇಳಿದು ಎಬ್ಬಿಸಿದೆ ಭಾಭಿ. ಏಳಪ್ಪ, ನಿನ್ನ ಮಗ ಗೆದ್ದ ಅಂದೆ. ಮೈ ತಣ್ಣಗಿತ್ತು."

ಅತ್ತಿಗೆ ಎದ್ದು ಅವನ ಅಂಗಿ ಹಿಡಿದಳು.

"ಕೆಳಗಡೆ ನನ್ನ ಗಂಡ ಸಾಯ್ತಿದ್ರೆ ನೀನು ಮೇಲೆ ಕೂತು ಆಟ ಆಡ್ತಿದ್ಯಾ? ಒಂದ್ಸಲ ಬಗ್ಗಿ ನೋಡೋಕಾಗ್ಲಿಲ್ವಾ? ಒಂದು ಲೋಟ ನೀರು ಕೊಡೋಕಾಗ್ಲಿಲ್ವಾ?"

"ನಿದ್ದೆ ಅಂದ್ಕೊಂಡೆ. ನಿದ್ದೆ ಕೆಡಿಸ್ಬಾರ್ದು ಅಂತ ಸದ್ದು ಕೂಡ ಮಾಡ್ಲಿಲ್ಲ." ಅವನು ಬಿಡಿಸಿಕೊಳ್ಳಲೂ ಇಲ್ಲ. "ಹೇಳ್ಬೇಕು ಅಂತ ಮೂರು ಸಲ ಆಟಕ್ಕೆ ಬಂದೆ. ನಿಮಗೆ ಫೋನು ಮಾಡಿ ಏನಂತ ಹೇಳ್ಲಿ? ನಂಗೆ ಗೊತ್ತಿದ್ದಿದ್ದು ಈ ಮಕ್ಕಳೇ. ಅತ್ತೆ ಅವನ ಹೆಸರು ಹಿಡಿದು ಕರೆದಾಗ ನನ್ನ ಬಾಯಿ ಕಟ್ಟಿಹೋಯ್ತು."

ಅತ್ತಿಗೆ ಕೈ ಬಿಟ್ಟು ಒಲೆಯ ಕಡೆ ಮುಖ ಮಾಡಿ ಕೂತಳು. ಸಾಂಗೆ ಮೂಲೆಯಿಂದ ಎದ್ದು ಬಂದು ಅವನ ಎದುರು ಕೂತ.

"ಸೇತುವೆ ಹತ್ರ ಬಿದ್ದಿದ್ದು?"

"ನಾನೇ ಬಾಬು. ನೀನು ಬಿಟ್ಟು ಹೋದೆ ಅಂತ ಮನಸ್ಸಲ್ಲೇ ಎಷ್ಟು ಬೈದೆ ಗೊತ್ತಾ."

ಸಾಂಗೆಯ ಬಾಯಿಂದ ನಗೆಯೋ ಬಿಕ್ಕೋ ತಿಳಿಯದ ಒಂದು ಸದ್ದು ಬಂತು. ಇಷ್ಟು ದಿನ ಹೊತ್ತಿದ್ದ ಬಂಡೆ ಇಳಿಯಿತು ಅಂತ ನಾನು ನಿಟ್ಟುಸಿರು ಬಿಟ್ಟೆ. ಆದರೆ ಹುಡುಗನ ಮುಖ ಮತ್ತೆ ಗಟ್ಟಿಯಾಯಿತು.

"ಹಾಗಾದ್ರೆ ಹೊಗೆ ಎಸೀತಿದ್ದಿದ್ದು ನೀವು."

"ನಾನೇ."

"ಹೊಗೆ ಇಲ್ದೆ ಓಡಿ ಬರ್ತಿದ್ದಿದ್ದು ಆಪಾ."

"ಹೂಂ."

ಅವನು ಕಣ್ಣು ಮುಚ್ಚಿ ಹಿಂದಿನ ಸಂಜೆಗಳನ್ನೆಲ್ಲ ಒಂದೊಂದಾಗಿ ತಿರುವಿಹಾಕುತ್ತಿದ್ದ. ನನಗೂ ನೆನಪಾಯಿತು. ಕೊನೆಯ ಸಲ ಹೊಗೆಯಿಲ್ಲದೆ ಓಡಿಬಂದದ್ದು ಅಣ್ಣ ಸತ್ತ ವಾರದ ಮೊದಲಲ್ಲಿ. ಗೋಧಿ ಹೊಲದಲ್ಲಿ ಸಾಂಗೆ ಬಿದ್ದಿದ್ದ, ಅಣ್ಣ ಬಂದೆ ಬಂದೆ ಅನ್ನುತ್ತ ನುಗ್ಗಿದ್ದ, ಇಬ್ಬರೂ ಸತ್ತರು. ಸಾಂಗೆ ಮೈಕಿನಲ್ಲಿ ಕೂಗಾಡಿದ್ದ: "ನಿಮಗೆ ಆಟ ಬರಲ್ಲ ಆಪಾ! ಬಿದ್ದವ್ರನ್ನ ಬಿಟ್ಬಿಡಿ, ಮೊದ್ಲು ಗೆಲ್ಲೋದು ಕಲೀರಿ!" ಅಣ್ಣ ಹಿ ಹಿ ಎಂದು ನಕ್ಕು ಫೋನಿಟ್ಟಿದ್ದ. ಅಪ್ಪ ಮಗನ ನಡುವೆ ನಡೆದ ಕೊನೆಯ ಮಾತು ಅದೇ.

"ನಾನು ಅವ್ರಿಗೆ ಬೈದಿದ್ದೆ" ಎಂದ ಸಾಂಗೆ.

"ಗೊತ್ತು. ಪಕ್ಕದಲ್ಲೇ ಇದ್ದೆನಲ್ಲ. ನಾನೂ ಬೈದೆ. ಹುಡುಗ ಸರಿಯಾಗಿ ಹೇಳ್ತಿದಾನೆ, ಮೊದ್ಲು ಹೊಗೆ ಎಸಿ, ಆಮೇಲೆ ಹೋಗು ಅಂದೆ. ಅವನು ಏನಂದ ಗೊತ್ತಾ?" ಜೋಗೀಂದರ್ ಅಂಗೈಯಿಂದ ಮೂಗು ಒರೆಸಿಕೊಂಡ. "ಅಲ್ವೋ ಮಾರಾಯ, ಅಲ್ಲಿ ನನ್ನ ಮಗ ಬಿದ್ದಿದಾನೆ, ನಾನು ಇಲ್ಲಿ ಹೊಗೆ ಹುಡುಕ್ತಾ ಕೂರ್ಲಾ ಅಂದ."

ಹುಡುಗ ಆಗ ಅತ್ತ. ಅಣ್ಣ ಸತ್ತ ಮೇಲೆ ಮೊದಲ ಸಲ, ಬಾಯಿಬಿಟ್ಟು, ಮಕ್ಕಳು ಅಳುವ ಹಾಗೆ. ಅವ್ವ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅತ್ತಿಗೆ ತಿರುಗದೆಯೇ ಹೇಳಿದಳು.

"ಅವನಿಗೆ ಊಟಕ್ಕೆ ಹಾಕು ಸುಕು. ನನ್ನ ಕೈಯಿಂದ ಆಗಲ್ಲ."

ನಾನು ಬಡಿಸಿದೆ. ಅಂದು ನಮ್ಮ ಮನೆಯಲ್ಲಿ ಏಳು ತಟ್ಟೆ.

ತಿಮಾಲಿನ ಗೊಂಪಾ ಗುಡಿಯ ಅಂಗಳದಲ್ಲಿ ಬಿದಿರಿನ ಗೊಂಬೆ ಅಣ್ಣನ ಕಂದು ಕೋಟು ತೊಟ್ಟು ಕೂತಿತ್ತು. ಕೋಟಿನ ಭುಜ ಅವನಿದ್ದಾಗಲೂ ಹೀಗೇ ಜೋಲುತ್ತಿತ್ತು. ಸಾಂಗೆ ಮೊದಲ ತುತ್ತು ಇಟ್ಟ. ಬಾಯಿಲ್ಲದ ಆ ಮುಖದ ಹತ್ತಿರ ಬಗ್ಗಿ ಬಹಳ ಹೊತ್ತು ಏನೋ ಹೇಳಿದ. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ. ಜೋಗೀಂದರ್ ದೂರದ ಗೋಡೆಯ ಪಕ್ಕ ನಿಂತಿದ್ದ. ಅವ್ವ ಕೈ ಹಿಡಿದು ಕರೆದುಕೊಂಡು ಬಂದು ಅವನಿಂದಲೂ ಒಂದು ತುತ್ತು ಇಡಿಸಿದಳು. ಅತ್ತಿಗೆ ನೋಡಿಯೂ ನೋಡದವಳಂತೆ ಇದ್ದಳು.

ಕೊನೆಗೆ ಲಾಮಾ ಅಣ್ಣನ ಹೆಸರು ಬರೆದ ಕಾಗದವನ್ನು ದೀಪಕ್ಕೆ ಹಿಡಿದು ಸುಟ್ಟರು.

"ಇನ್ಮೇಲೆ ಅವನನ್ನ ಯಾರೂ ಕರೀಬಾರ್ದು" ಎಂದರು. "ಕರೆದ್ರೆ ಹಿಂದೆ ತಿರುಗಿ ನೋಡ್ತಾನೆ. ದಾರಿ ತಪ್ಪುತ್ತೆ."

ಬನೇಪಾಕ್ಕೆ ಮರಳಿದ ದಿನ ಸಾಂಗೆ ಅಣ್ಣನ ಫೋನು ತೆರೆದು, ಆಟದಿಂದ ಆ ಹೆಸರನ್ನು ಅಳಿಸಿದ. ಅತ್ತಿಗೆ ಫೋನು ಮಾತ್ರ ಕೇಳಿ ಇಸಿದುಕೊಂಡು, ಅದರಲ್ಲಿದ್ದ ದನಿಯ ಸಮೇತ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅವ್ವ ಐದು ತಟ್ಟೆ ಹಾಕಿದಳು, ಅಭ್ಯಾಸಬಲದಿಂದ ಆರನೆಯದಕ್ಕೆ ಕೈ ಚಾಚಿ ಹಿಂದಕ್ಕೆ ತೆಗೆದಳು. ಜೋಗೀಂದರ್ ರಜೆ ಮುಗಿಸಿ ಕತಾರಿಗೆ ಮರಳಿದ. ಅವನ ಹೆಸರೆತ್ತಿದರೆ ಅತ್ತಿಗೆ ಈಗಲೂ ಎದ್ದು ಹೋಗುತ್ತಾಳೆ, ಹಾಗಾಗಿ ಸ್ಕ್ವಾಡಿನಲ್ಲಿ ಅಣ್ಣನ ಜಾಗ ಖಾಲಿಯೇ ಇತ್ತು.

ಮೂರು ಜನರ ಸ್ಕ್ವಾಡಿಗೆ ಸಾಂಗೆಯೇ ಒಂದು ಸಂಜೆ ಕರೆದ. "ಬಾ ಅತ್ತೆ, ಬಂದು ಸಾಯಿ" ಎಂದ. ನಾನು ಹೊಲಿಗೆ ಬಿಟ್ಟು ಹೋದೆ, ಇಳಿದೆ, ಸತ್ತೆ. ಅವರಿಬ್ಬರು ಕೊನೆಯವರೆಗೂ ಉಳಿದರು. ಎದುರಿಗೆ ಒಂದೇ ಒಂದು ಸ್ಕ್ವಾಡು. ಆಗ ಗೋಧಿ ಹೊಲದ ನಡುವೆ ಮೆಂದೊಗೆ ಗುಂಡು ಬಿತ್ತು.

"ಅಣ್ಣಾ, ಎಬ್ಸೋ!"

ಅವನ ಚೀಲದಲ್ಲಿ ಹೊಗೆಬಾಂಬುಗಳಿದ್ದವು, ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಅಡಗಿ ಕೂತಿದ್ದರೆ ಗೆಲುವೂ ಅವನದೇ. ಸಾಂಗೆ ಕಲ್ಲಿನ ಮರೆಯಿಂದ ಎದ್ದು ಬಟ್ಟಬಯಲಲ್ಲಿ ಓಡತೊಡಗಿದ.

"ಬಂದೆ ಬಂದೆ ಬಂದೆ" ಎಂದ.

ತಂಗಿಯ ಹತ್ತಿರ ಹೋಗಿ ಮಂಡಿಯೂರುವಷ್ಟರಲ್ಲಿ ಮೂರು ಕಡೆಯಿಂದ ಗುಂಡು ಬಿದ್ದವು. ಇಬ್ಬರೂ ಅಲ್ಲೇ ಮಲಗಿದರು.

"ಥೂ! ನಿಂಗೂ ಆಟ ಬರಲ್ಲ!" ಎಂದು ಮೆಂದೊ ಕೂಗಿದಳು.

ಸಾಂಗೆ ಹಿ ಹಿ ಎಂದು ನಕ್ಕ. ಒಲೆಯ ಮುಂದೆ ಢಿಂಡೋ ತಿರುವುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅವ್ವ ಜಪಮಾಲೆ ಎಣಿಸುವುದನ್ನು ಬಿಟ್ಟು ಕಂಬಳಿಯ ಕಡೆ ನೋಡಿದಳು. ಅಣ್ಣನನ್ನು ಕರೆಯಬಾರದು ಅಂದಿದ್ದರು ಲಾಮಾ. ನಾವು ಯಾರೂ ಕರೆದಿರಲಿಲ್ಲ, ಅವನಾಗಿಯೇ ಬಂದಿದ್ದ.